ಕೃಷಿ ಹೊಂಡದ ಲೆಕ್ಕ ಇಡೋಕೆ ಕೋಬೋ ಕಲೆಕ್ಟ್ ಆ್ಯಪ್: ನಮ್ಮ ಅನುಭವ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ಒಂದು ಸಣ್ಣ ಸಂಸ್ಥೆಗಾಗಿ ಕೃಷಿ ಹೊಂಡದ ಕೆಲಸ ನೋಡಿಕೊಳ್ಳುತ್ತೇನೆ. ಹೊಲಗಳಿಂದ ಮಾಹಿತಿ ತರೋಕೆ ಈಗ ಕೋಬೋ ಕಲೆಕ್ಟ್ ಬಳಸುತ್ತೇವೆ. ಆ್ಯಪ್‌ಗೆ ದುಡ್ಡಿಲ್ಲ, ಸಾದಾ ಆಂಡ್ರಾಯ್ಡ್ ಫೋನ್ ಸಾಕು. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಫಾರ್ಮ್ ತುಂಬಿ, ಸಂಜೆ ಊರಿಗೆ ಬಂದ ಮೇಲೆ ಕಳಿಸಿದರಾಯ್ತು.

ಹಳೇ ಕಾಗದದ ಫಾರ್ಮ್‌ನಲ್ಲಿ ‘ಹೊಂಡ ಆಗಿದೆಯಾ?’ ಅಂತ ಮಾತ್ರ ಇತ್ತು. ದುಡ್ಡು ಕೊಡುವವರೂ ಅಷ್ಟನ್ನೇ ಕೇಳುತ್ತಿದ್ದರು. ಎಲ್ಲದಕ್ಕೂ ಟಿಕ್ ಬಿದ್ದು ವರದಿ ಭರ್ಜರಿ ಕಾಣುತ್ತಿತ್ತು. ಹೊಲಕ್ಕೆ ಹೋದರೆ ಯಜಮಾನರೊಬ್ಬರು, ‘ಹೊಂಡ ಐತ್ರೀ ಅಕ್ಕಾರ, ನೀರ ನಿಲ್ಲಂಗಿಲ್ಲ’ ಅಂದರು.

ಕೋಬೋದಲ್ಲಿ ‘ಇವತ್ತು ನೀರು ಎಷ್ಟಿದೆ?’ ಅಂತ ಸೇರಿಸಿದೆವು. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆಯುತ್ತೇವೆ. ‘ನೀರಿಲ್ಲ’ ಅಂತ ಒತ್ತಿದರೆ ಮಾತ್ರ ಮುಂದಿನ ಪ್ರಶ್ನೆ ತೆರೆಯುತ್ತೆ: ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿದಿದೆಯಾ, ಹೂಳು ತುಂಬಿದೆಯಾ, ನೀರು ಬರೋ ದಾರಿ ಮುಚ್ಚಿದೆಯಾ? ಜೊತೆಗೆ ಫೋಟೋ, ಜಿಪಿಎಸ್.

ನಕ್ಷೆ ತೆರೆದಾಗ ಚಿತ್ರ ಸ್ಪಷ್ಟವಾಯ್ತು. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನೀರು ನಿಲ್ಲುತ್ತಿತ್ತು, ಅಲ್ಲಿ ನೀರಿಲ್ಲದ ಕಡೆ ತೊಂದರೆ ಹೂಳಿನದು. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಹಾಳೆ ಹರಿದ ಕಡೆ ನೀರೆಲ್ಲ ಇಂಗಿಹೋಗಿತ್ತು. ಮುಂದಿನ ಕಂತಿನ ಹಣ ಹೊಸ ಹೊಂಡಕ್ಕೆ ಹೋಗಲಿಲ್ಲ. ಹಾಳೆ ಬದಲಿಸೋಕೆ, ಒಳಹರಿವಿನ ಬಾಯಲ್ಲಿ ಹೂಳು ತಡೆಯೋ ಗುಂಡಿ ತೋಡಿಸೋಕೆ ಹೋಯ್ತು. ಮಳೆ ಕೈಕೊಟ್ಟಾಗ ಕಡಲೆಗೆ ಒಂದು ನೀರು ಹಾಯಿಸೋಕೆ ತಾನೇ ಹೊಂಡ ಇರೋದು? ಅದು ಆಗ್ತಿದೆಯಾ ಅಂತ ನೋಡದ ಉಸ್ತುವಾರಿ ನನ್ನ ಪ್ರಕಾರ ಸುಮ್ನೆ ಕಾಗದದ ಖರ್ಚು.

ತೊಡಕೂ ಇದೆ. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ. ಜಿಪಿಎಸ್ ಹಾಕಿಕೊಂಡೇ ತಿರುಗಿದರೆ ಬ್ಯಾಟರಿ ಬೇಗ ಇಳಿಯುತ್ತೆ, ಪವರ್ ಬ್ಯಾಂಕ್ ಬೇಕು. ಅದಕ್ಕಿಂತ ಜಾಸ್ತಿ ಚಿಂತೆ ಅಂದ್ರೆ, ಮಾಹಿತಿ ಆಫೀಸಿನ ಕಂಪ್ಯೂಟರಿನಲ್ಲೇ ಉಳಿದುಬಿಡೋದು. ಅದಕ್ಕೇ ನಾವು ನಕ್ಷೆಯ ಪ್ರಿಂಟ್ ತೆಗೆದು ಗುಡಿ ಕಟ್ಟೆಯ ಮೇಲೆ ಹರಡುತ್ತೇವೆ. ‘ಇದು ನಂದಲ್ರೀ, ಬಾಜೂ ಹೊಲದ್ದು’ ಅಂತ ರೈತರೇ ತಿದ್ದುತ್ತಾರೆ. ಯಾವುದನ್ನು ಮೊದಲು ರಿಪೇರಿ ಮಾಡಬೇಕು ಅನ್ನೋ ವಾದವೂ ಅಲ್ಲೇ ಮುಗಿಯುತ್ತೆ.

ಸಣ್ಣ ಸಂಸ್ಥೆಗಳು ಧೈರ್ಯವಾಗಿ ಬಳಸಬಹುದು. ಫಾರ್ಮ್ ಉದ್ದ ಮಾಡಬೇಡಿ. ಫೋಟೋ ತೆಗೆಯೋ ಮುಂಚೆ ಆ ಹೊಲದ ಮನೆಯವರನ್ನು ಕೇಳಿ. ಪ್ರಶ್ನೆಗಳನ್ನು ಆ್ಯಪ್‌ಗೆ ಹಾಕೋ ಮೊದಲು ಒಂದಿಬ್ಬರು ರೈತರ ಮುಂದೆ ಓದಿ ನೋಡಿ.