‘ಅಮೆರಿಕನ್ ರೆಡ್ ಮಲ್ಬೆರಿ’ ಸಸಿ: ಗಿಡ ಚೆನ್ನಾಗಿದೆ, ಚೀಟಿ ಸರಿಯಿಲ್ಲ

ಕೊಡಗಿನ ನರ್ಸರಿಯೊಂದು ‘ಅಮೆರಿಕನ್ ರೆಡ್ ಮಲ್ಬೆರಿ’ ಎಂಬ ಚೀಟಿ ಕಟ್ಟಿ ಮಾರಿದ ಕಸಿ ಗಿಡವನ್ನು ನಮ್ಮ ಕಾಫಿ ತೋಟದ ಅಂಚಿನಲ್ಲಿ ನೆಟ್ಟಿದ್ದೆವು. ಅದು ಈಗ ಹಣ್ಣು ಬಿಡುತ್ತಿದೆ. ಗಿಡ ಆರೋಗ್ಯವಾಗಿದೆ, ಹಣ್ಣು ಸಿಹಿಯಾಗಿದೆ. ಆದರೆ ಅಮೆರಿಕದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಕೆಂಪು ಹಿಪ್ಪುನೇರಳೆ ಇದಲ್ಲ.

ಇದಕ್ಕೆ ಎಲೆಯೇ ಸಾಕ್ಷಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮೋರಸ್ ರೂಬ್ರಾ ಎಂದು ಹೆಸರಿಟ್ಟ ಆ ಮರದ ಎಲೆಯ ಮೇಲ್ಮೈ ಹೊಳಪಿಲ್ಲದೆ, ಉಪ್ಪುಕಾಗದದಂತೆ ಒರಟಾಗಿರುತ್ತದೆ. ಕೆಳಮೈಯಲ್ಲಿ ಮೃದುವಾದ ರೋಮವಿರುತ್ತದೆ. ನಮ್ಮ ಗಿಡದ ಎಲೆ ಎರಡೂ ಬದಿ ನುಣುಪಾಗಿ ಹೊಳೆಯುತ್ತದೆ. ಮೋರಸ್ ರೂಬ್ರಾದ ಹಣ್ಣು ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರ್ ಉದ್ದವಿದ್ದರೆ, ನಮ್ಮಲ್ಲಿ ಬಿಟ್ಟಿರುವುದು ಬೆರಳುದ್ದದ ಹಣ್ಣು. ಇಂತಹ ಉದ್ದ ಹಣ್ಣಿನ ತಳಿಗಳ ಮೂಲ ಏಷ್ಯಾ.

ಹೆಸರಿನ ವಿಚಾರದಲ್ಲಿ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ಹರಡಿರುವ ಈ ಮರದ ತೊಗಟೆಯ ನಾರಿನಿಂದ ಚಾಕ್ಟಾ ಮೂಲನಿವಾಸಿಗಳು ಮೇಲುಹೊದಿಕೆ ನೇಯುತ್ತಿದ್ದರು. ವಸಾಹತು ಕಾಲದಲ್ಲಿ ರೇಷ್ಮೆ ಹುಳುವಿನ ಮೇವಿಗೆಂದು ಏಷ್ಯಾದಿಂದ ಒಯ್ದ ಬಿಳಿ ಹಿಪ್ಪುನೇರಳೆ ಅಲ್ಲಿ ಕಾಡಿಗೂ ಹಬ್ಬಿ, ಕೆಂಪು ಜಾತಿಯೊಡನೆ ಬೆರೆತು, ಮಿಶ್ರತಳಿಗಳು ಹೆಚ್ಚುತ್ತಾ ಬಂದವು. ಕೆನಡಾದಲ್ಲಿ ಈ ಮರ ದಕ್ಷಿಣ ಒಂಟಾರಿಯೊದಲ್ಲಷ್ಟೇ ಉಳಿದಿದ್ದು, ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರಿಗೆ ಅನ್ನ ಕೊಟ್ಟ ಹಿಪ್ಪುನೇರಳೆಯ ಹತ್ತಿರದ ಬಂಧುವೇ ಅಲ್ಲಿ ಕಾಡುಮರದ ವಂಶಕ್ಕೆ ಕುತ್ತಾಗಿರುವುದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ತನ್ನ ನೆಲದಲ್ಲೇ ಶುದ್ಧವಾಗಿ ಉಳಿಯಲು ಹೆಣಗುತ್ತಿರುವ ಮರದ ಹೆಸರನ್ನು ಯಾವುದೋ ಗಿಡಕ್ಕೆ ಕಟ್ಟಿ ಮಾರುವುದು ಸಣ್ಣ ತಪ್ಪಲ್ಲ.

ಕಸಿ ಕಡ್ಡಿ ಯಾವ ಮರದ್ದೆಂದು ಕೇಳಿದರೆ, ಹೊರರಾಜ್ಯದಿಂದ ಬಂದ ಗಿಡ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅಂಗಡಿಯಲ್ಲಿ ಸಿಗಲಿಲ್ಲ. ಉಳಿದಂತೆ ಅವರ ಕೆಲಸ ಅಚ್ಚುಕಟ್ಟು: ಬೇರಿನ ಮಣ್ಣು ಒಡೆದಿರಲಿಲ್ಲ, ಕಸಿಯ ಗಂಟು ಗಟ್ಟಿಯಾಗಿತ್ತು.

ಮನೆಮಂದಿ ತಿನ್ನಲು ಹಣ್ಣಿನ ಗಿಡ ಬೇಕೆನ್ನುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಅಮೆರಿಕದ ಕಾಡುಜಾತಿಯೇ ಬೇಕೆನ್ನುವವರು ಹಣ ಕೊಡುವ ಮೊದಲು ಬಲಿತ ಎಲೆಯೊಂದನ್ನು ಬೆರಳಲ್ಲಿ ಸವರಿ ನೋಡಬೇಕು. ಮಿಶ್ರತಳಿಯ ಎಲೆಯೂ ತುಸು ಒರಟಾಗಿರಬಹುದಾದ್ದರಿಂದ, ತಾಯಿಮರದ ಮೂಲವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ನೆಡುವಾಗ ಮಳೆಗಾಲದಲ್ಲಿ ನೀರು ನಿಲ್ಲುವ ಗದ್ದೆಯಂಚನ್ನು ಬಿಟ್ಟು, ನೀರು ಬಸಿದುಹೋಗುವ ಇಳಿಜಾರನ್ನು ಆರಿಸಿಕೊಳ್ಳಬೇಕು. ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ ಬೇಡ: ಉದುರಿದ ಹಣ್ಣಿನ ಕಲೆ ಸಿಮೆಂಟಿನಿಂದ ಸುಲಭವಾಗಿ ಹೋಗುವುದಿಲ್ಲ, ಹಣ್ಣಿಗೆ ಬರುವ ಪಿಕಳಾರಗಳ ಹಿಕ್ಕೆಯೂ ಹರಡಿದ ಕಾಫಿಯ ಮೇಲೇ ಬೀಳುತ್ತದೆ.