ಐವತ್ತೈದರ ಬಳಿಕ: ಕರಿಕೋಟೋ, ಅಡಿಕೆ ತೋಟವೋ?

ಸ್ವಯಂ ನಿವೃತ್ತಿ ಪಡೆದು ಮನಸ್ಸಿಗೊಪ್ಪುವ ಕೆಲಸ ಹುಡುಕುವ ಪದವೀಧರರು ಮೂರು ವರ್ಷದ ಎಲ್‌ಎಲ್‌ಬಿ ಓದಬಹುದು. ಆದರೆ ಅದನ್ನು ದೂರಶಿಕ್ಷಣದಲ್ಲಿ ಮುಗಿಸಲಾಗದು, ತರಗತಿಗೆ ಹಾಜರಾಗಲೇಬೇಕು, ಆಮೇಲೆ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಅಖಿಲ ಭಾರತ ಮಟ್ಟದ ಅರ್ಹತಾ ಪರೀಕ್ಷೆಯನ್ನೂ ದಾಟಬೇಕು. ಕಂದಾಯ ಇಲಾಖೆಯಲ್ಲಿ ಪಹಣಿ, ಮ್ಯುಟೇಶನ್ ಕಡತಗಳಲ್ಲಿ ಪಳಗಿದವರಿಗೆ ಆ ಅನುಭವವೇ ಬಂಡವಾಳ. ಕಕ್ಷಿದಾರರೂ ನರೆಗೂದಲನ್ನು ಬೇಗ ನಂಬುತ್ತಾರೆ, ಕಿರಿಯ ವಕೀಲರಿಗೆ ಇದು ಅನ್ಯಾಯವೆನಿಸಿದರೂ ಸರಿ.

ತೋಟದ ಲೆಕ್ಕ ಬೇರೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದರೂ, ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕು, ಅದಕ್ಕೆ ಮರ ಹತ್ತುವವರು ಸಿಗುವುದೇ ದುರ್ಲಭ. ಹಿರಿಯರ ತೋಟ ಊರಲ್ಲಿದ್ದು, ಮಣ್ಣಿನ ಕೆಲಸ ನಿಜಕ್ಕೂ ಖುಷಿ ಕೊಡುವುದಾದರೆ ಮಾತ್ರ ಅತ್ತ ಹೊರಡಿ. ಹೊಸದಾಗಿ ಜಮೀನು ಕೊಂಡು ಆರಂಭಿಸಬೇಕಾದವರಿಗೆ ನಾನು ಕರಿಕೋಟನ್ನೇ ಸೂಚಿಸುತ್ತೇನೆ.