ಸೆಮಿನಾರಿಗೆ ಯಾವ ಪುರಾವೆ: ಓಡೋ ಗ್ಯಾಲಕ್ಸಿನೋ, ಹಳೇ ಬೆಳಕೋ

ವಿಜಯಪುರದಾಗ ಬಿಎಸ್ಸಿ ಓದೋ ನಮ್ಮ ತಂಗಿ ಸೆಮಿನಾರಿಗೆ ಬ್ರಹ್ಮಾಂಡದ ಹುಟ್ಟಿನ ಪುರಾವೆ ಒಂದನ್ನ ಆರಿಸಬೇಕಂತ, ಗ್ಯಾಲಕ್ಸಿಗಳು ದೂರ ಸರಿಯೋದು, ಇಲ್ಲಾ ಹಿನ್ನೆಲೆ ವಿಕಿರಣ (ಆಕಾಶದ ತುಂಬ ಹರಡಿದ ಹಳೇ ಬೆಳಕು), ಈ ಎರಡರಾಗ ಯಾವ್ದು ತಗೊಳ್ಳಲಿ ಅಣ್ಣಾ ಅಂತ ಕೇಳಿದ್ಲು.

ಗ್ಯಾಲಕ್ಸಿಗಳು ದೂರ ಸರಿಯೋದನ್ನ ತೋರ್ಸೋದು ಸರಳ. ದೂರ ಇದ್ದಷ್ಟೂ ಜೋರು ಸರೀತಾವ ಅಂತ ಖಗೋಳ ವಿಜ್ಞಾನಿ ಹಬಲ್ 1929ರಾಗ ಹೇಳಿದ್ರು, ಬಲೂನ್ ಮ್ಯಾಲ ಪೆನ್ನಿಲೆ ಚುಕ್ಕಿ ಇಟ್ಟು ಊದಿದ್ರ ಹಿಂದಿನ ಬೆಂಚಿನವರಿಗೂ ತಿಳೀತೈತಿ. ಆದ್ರ ತೊಡಕೇನಂದ್ರ, ಬ್ರಹ್ಮಾಂಡಕ್ಕ ಆರಂಭನ ಇಲ್ಲ ಅಂತಿದ್ದ ವಿಜ್ಞಾನಿ ಹಾಯ್ಲ್ ಸೈತ ಈ ಹಿಗ್ಗೋದನ್ನ ಒಪ್ಪಿದ್ರು, ಹಿಗ್ಗಿದಂಗ ಹೊಸ ವಸ್ತು ಹುಟ್ಟತೈತಿ ಅಂತ ಅವರ ವಾದ. ಹಂಗಾಗಿ ಹಿಗ್ಗೋದೊಂದ ಆರಂಭಕ್ಕ ಪುರಾವೆ ಆಗಂಗಿಲ್ಲ.

ಅದಕ್ಕ ನನ್ನ ಓಟು ಹಿನ್ನೆಲೆ ವಿಕಿರಣಕ್ಕ. 1964ರಾಗ ಪೆಂಜಿಯಾಸ್, ವಿಲ್ಸನ್ ಅನ್ನೋ ವಿಜ್ಞಾನಿಗಳು ರೇಡಿಯೋ ಆಂಟೆನಾ ಎತ್ತ ತಿರುಗಿಸಿದ್ರೂ ಒಂದ ನಮೂನಿ ಗುಂಯ್ ಅನ್ನೋ ಗದ್ದಲ, ಒಳಗಿನ ಪಾರಿವಾಳದ ಹಿಕ್ಕಿ ಬಳದು ತಗದ್ರೂ ಹೋಗಲಿಲ್ಲ. ಅದು ಬಿಗ್ ಬ್ಯಾಂಗ್ (ಬ್ರಹ್ಮಾಂಡ ಶುರುವಾದ ಗಳಿಗಿ) ಆಗಿ ಸುಮಾರು 3.8 ಲಕ್ಷ ವರ್ಷಕ್ಕ ಹೊಂಟ ಬೆಳಕು, ಈಗ ತಣ್ಣಗಾಗಿ 2.7 ಕೆಲ್ವಿನ್, ಅಂದ್ರ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್. ಗೋಲಗುಮ್ಮಟದಾಗ ಕೂಗಿ ಬಾಯಿ ಮುಚ್ಚಿದ ಮ್ಯಾಲೂ ದನಿ ಸುತ್ತತಿರತೈತಲ್ಲ, ಹಂಗ. ಆರಂಭನ ಇಲ್ಲದಿದ್ರ ಇಂಥ ಬೆಳಕು ಎಲ್ಲಿಂದ ಬರಬೇಕು? ಹಾಯ್ಲ್ ವಾದ ಸೋತದ್ದು ಇಲ್ಲೇ. ಈ ಬೆಳಕಿನ ಗ್ರಾಫ್ ಬಿಡಿಸಿ ಹೇಳೋದು ಕಷ್ಟ ಐತಿ ಖರೆ, ಒಂದು ವಾರ ಜಾಸ್ತಿ ಕುಂದ್ರಬೇಕು. ಬಲೂನ್ ಮೊದಲ ಎರಡು ನಿಮಿಷಕ್ಕ ಇಟ್ಕೋವಾ, ಉಳದದ್ದೆಲ್ಲಾ ಇದಕ್ಕ ಕೊಡು ಅಂದೆ.